ಬರೆದದ್ದನ್ನು ಓದಿ ಹೇಳಿ

2022ರ ಮೇ ತಿಂಗಳ ಒಂದು ಮಧ್ಯಾಹ್ನ ಇಲ್ಲಿ ಇಂಗ್ಲೆಂಡಿನ ನಮ್ಮ ಸ್ಥಳೀಯ ಕೌನ್ಸಿಲ್‌ನ ಒಬ್ಬ ಮಹಿಳೆ, ಯುದ್ಧದಿಂದ ಓಡಿ ಬಂದವರನ್ನು ಇಟ್ಟುಕೊಳ್ಳಲು ನಮ್ಮ ಮನೆ ತಕ್ಕದ್ದೇ ಎಂದು ನೋಡಲು ಬಂದರು. ಮಹಡಿಯ ಖಾಲಿ ಕೋಣೆಯ ಉದ್ದಗಲವನ್ನು ಟೇಪು ಹಿಡಿದು ಅಳೆದರು. ಕಿಟಕಿ ಪೂರ್ತಿ ತೆರೆಯುತ್ತದೆಯೇ ಎಂದು ತೆರೆದು ನೋಡಿದರು. ಹೊಗೆ ಕಂಡರೆ ಕೂಗುವ ಅಲಾರಂನ ಗುಂಡಿ ಒತ್ತಿ ಅದು ಕೂಗುವವರೆಗೂ ಕಾದರು. ಮೆಟ್ಟಿಲ ಪಕ್ಕದ ಕಂಬಿಯನ್ನು ಎರಡು ಸಲ ಅಲುಗಾಡಿಸಿ, ಗಟ್ಟಿಯಿದೆ ಎಂದು ಬರೆದುಕೊಂಡರು. ನನಗೆ ನೆನಪಾದದ್ದು 2009ರ ಅಕ್ಟೋಬರ್. ಮಲಪ್ರಭೆ ನಮ್ಮೂರೊಳಗೆ ನುಗ್ಗಿ ಇಳಿದ ಮೇಲೆ ಊರಿನ ಗ್ರಾಮ ಲೆಕ್ಕಿಗರಾದ ತಲಾಟಿಯವರು ಇಂಥದೇ ಟೇಪು ಹಿಡಿದು ದೊಡ್ಡಪ್ಪನ ಮನೆಯ ಬಿದ್ದ ಗೋಡೆಯನ್ನು ಅಳೆದಿದ್ದರು.

ನಾನು ಗದಗ ಜಿಲ್ಲೆಯವನು. ಧಾರವಾಡದಲ್ಲಿ ಓದಿ, ಹುಬ್ಬಳ್ಳಿಯಲ್ಲಿ ಆರು ವರ್ಷ ಕೆಲಸ ಮಾಡಿ, ಇಂಗ್ಲೆಂಡಿನ ಉತ್ತರ ಭಾಗಕ್ಕೆ ಬಂದು ಹದಿನೈದು ವರ್ಷವಾಯಿತು. ಯುದ್ಧದಿಂದ ಮನೆ ಬಿಟ್ಟು ಬಂದವರಿಗೆ ನೆಲೆ ಕೊಡುವ ಮುಂಚೆ ಸರ್ಕಾರಗಳು ಏನನ್ನು ಕೇಳುತ್ತವೆ, ಕೇಳಿದ್ದನ್ನು ಎಲ್ಲಿ ಇಡುತ್ತವೆ, ಅದನ್ನು ಯಾರಿಗೆ ತೋರಿಸುತ್ತವೆ ಎಂಬುದು ಈ ಮೂರು ವರ್ಷಗಳಿಂದ ನನ್ನ ತಲೆಯನ್ನು ಕೊರೆಯುತ್ತಿರುವ ವಿಷಯ. ಎರಡೂ ಕಡೆಯ ರೀತಿಯನ್ನು ಹತ್ತಿರದಿಂದ ಕಂಡಿದ್ದೇನೆ. ಇಲ್ಲಿಯದು ಅಚ್ಚುಕಟ್ಟು, ಅಲ್ಲಿಯದು ಅವಸರದ್ದು ಎಂದು ಹೇಳಿ ಮುಗಿಸಲು ನನ್ನಿಂದ ಆಗುವುದಿಲ್ಲ.

ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿದ್ದು 2022ರ ಫೆಬ್ರವರಿ 24ರಂದು. ಮಾರ್ಚ್ ತಿಂಗಳಲ್ಲಿ ಬ್ರಿಟನ್ ಸರ್ಕಾರ ‘ಹೋಮ್ಸ್ ಫಾರ್ ಯುಕ್ರೇನ್’ ಎಂಬ ಯೋಜನೆ ತಂದಿತು. ಖಾಲಿ ಕೋಣೆ ಇದ್ದವರು ಕನಿಷ್ಠ ಆರು ತಿಂಗಳು ಒಂದು ಕುಟುಂಬವನ್ನು ಇಟ್ಟುಕೊಳ್ಳಬೇಕು. ಇಟ್ಟುಕೊಂಡವರಿಗೆ ತಿಂಗಳಿಗೆ 350 ಪೌಂಡ್, ಬಂದವರ ಕೈಖರ್ಚಿಗೆ ಒಂದು ಸಲ ತಲಾ 200 ಪೌಂಡ್, ಅವರನ್ನು ನೋಡಿಕೊಳ್ಳುವ ಕೌನ್ಸಿಲ್‌ಗೆ ಆ ವರ್ಷ ತಲಾ 10,500 ಪೌಂಡ್. ಇದೆಲ್ಲ ಮಾಹಿತಿಯ ಮೇಲೆ ನಿಂತ ಏರ್ಪಾಡು. ನಮ್ಮ ಅಪರಾಧ ದಾಖಲೆ ನೋಡಿದರು, ಮನೆ ನೋಡಿದರು, ನಾವು ಎಷ್ಟು ಜನ, ನಾಯಿ ಇದೆಯೇ, ಬಸ್ ನಿಲ್ದಾಣ ಎಷ್ಟು ದೂರ ಎಂದೆಲ್ಲ ಕೇಳಿದರು. ನನಗೆ ಬೇಸರವಾಗಲಿಲ್ಲ. ಗಂಡು ದಿಕ್ಕಿಲ್ಲದೆ ಬರುವ ತಾಯಿ ಮಕ್ಕಳನ್ನು ಗುರುತಿಲ್ಲದವರ ಮನೆಗೆ ಕಳಿಸುವಾಗ ಇಷ್ಟಾದರೂ ಕೇಳಲೇಬೇಕು.

ಜೂನ್‌ನಲ್ಲಿ ಒಬ್ಬ ತಾಯಿ, ಎಂಟು ವರ್ಷದ ಮಗ ಬಂದರು. ಅವರ ಊರು ಯಾವುದೆಂದು ಬರೆಯುವುದಿಲ್ಲ, ಕಾರಣವನ್ನು ಮುಂದೆ ಹೇಳುತ್ತೇನೆ. ಎರಡನೆಯ ದಿನ ನಮ್ಮ ಅಡುಗೆ ಮನೆಯ ಮೇಜಿನ ಮೇಲೆ ಅರ್ಜಿ ತುಂಬಲು ಕುಳಿತೆವು. ಹೆಸರು, ಹುಟ್ಟಿದ ದಿನ, ಕಾಯಿಲೆ, ಔಷಧ, ಮಗುವಿನ ಲಸಿಕೆ, ಯಾವ ಭಾಷೆ ಬರುತ್ತದೆ. ಸರಸರನೆ ಸಾಗಿತು. ‘ಹಿಂದಿನ ವಿಳಾಸ’ ಎಂಬ ಸಾಲಿಗೆ ಬಂದಾಗ ಅವರ ಪೆನ್ನು ನಿಂತಿತು. ಆಮೇಲೆ ಬೀದಿ, ಕಟ್ಟಡ, ಮಹಡಿ, ಮನೆ ನಂಬರ್ ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಬರೆದರು. ಬರೆದು ಮುಗಿಸಿ ತಲೆ ಎತ್ತಿ, ಇದನ್ನು ಯಾರು ಯಾರು ಓದುತ್ತಾರೆ ಎಂದು ಕೇಳಿದರು. ಅವರ ಅತ್ತೆ ಮಾವ ಇನ್ನೂ ಆ ಮನೆಯಲ್ಲಿದ್ದರು. ಆ ಊರು ಆಗ ರಷ್ಯಾದ ಸೈನ್ಯದ ಕೈಯಲ್ಲಿತ್ತು. ಅರ್ಜಿಯ ಜೊತೆಗೆ ಮಾಹಿತಿ ರಕ್ಷಣೆಯ ಬಗ್ಗೆ ಕೆಲವು ಪುಟಗಳ ಹೇಳಿಕೆ ಇತ್ತು. ಎರಡು ಸಲ ಓದಿದೆ. ಅವರ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಅದರಲ್ಲಿ ಸಿಗಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಆ ಹೊತ್ತು ನನಗಾದ ಸಂಕಟ ಇವತ್ತಿಗೂ ಹೋಗಿಲ್ಲ.

ಸೆಪ್ಟೆಂಬರ್‌ನಲ್ಲಿ ಹುಡುಗನಿಗೆ ಶಾಲೆ ಸಿಕ್ಕಿತು. ದಿನವೂ ಸಪ್ಪೆ ಮೋರೆ ಹಾಕಿಕೊಂಡು ಬರುತ್ತಿದ್ದ. ಭಾಷೆ ಬಾರದ ಕಷ್ಟ ಎಂದುಕೊಂಡೆವು. ಡಿಸೆಂಬರ್ ಹೊತ್ತಿಗೆ ಗೊತ್ತಾದದ್ದೇ ಬೇರೆ. ಎಲ್ಲೋ ಒಂದು ದಾಖಲೆಯಲ್ಲಿ ಅವನ ಹುಟ್ಟಿದ ದಿನ ತಿಂಗಳ ಜಾಗಕ್ಕೆ, ತಿಂಗಳು ದಿನದ ಜಾಗಕ್ಕೆ ಹೋಗಿತ್ತು. ಆಗಸ್ಟ್‌ನ ಹುಡುಗ ನವೆಂಬರ್‌ನವನಾಗಿದ್ದ. ಇಂಗ್ಲೆಂಡಿನಲ್ಲಿ ಶಾಲೆಯ ವರ್ಷವನ್ನು ಸೆಪ್ಟೆಂಬರ್ 1ರಿಂದ ಎಣಿಸುವುದರಿಂದ ಅವನು ತನಗಿಂತ ಒಂದು ವರ್ಷ ಚಿಕ್ಕವರ ತರಗತಿಯಲ್ಲಿ ಕೂತಿದ್ದ. ಗಣಿತದಲ್ಲಿ ಭಾಗಾಕಾರ ಮುಗಿಸಿ ಬಂದವನು ಮತ್ತೆ ಮಗ್ಗಿ ಹೇಳುತ್ತಿದ್ದ. ತಾಯಿ ಬರೆದು ಕೊಟ್ಟ ಕಾಗದದಲ್ಲಿ ದಿನಾಂಕ ಸರಿಯಾಗಿಯೇ ಇತ್ತು. ಅದು ಕಂಪ್ಯೂಟರ್ ಹೊಕ್ಕ ಮೇಲೆ ಒಬ್ಬರಾದರೂ ಅವರ ಎದುರು ಕುಳಿತು ಓದಿ ಹೇಳಿದ್ದರೆ ಒಂದು ನಿಮಿಷದಲ್ಲಿ ತಿದ್ದಿಹೋಗುತ್ತಿತ್ತು. ನಾಲ್ಕು ತಿಂಗಳು ಹೋದವು.

ಈ ದೇಶಕ್ಕೆ ಇದು ಹೊಸ ಕೆಲಸವೇನೂ ಅಲ್ಲ. 1939ರ ಜನವರಿಯಲ್ಲಿ, ಯುದ್ಧ ಇನ್ನೂ ಎಂಟು ತಿಂಗಳು ದೂರವಿದ್ದಾಗಲೇ, ಹಳ್ಳಿ ಪಟ್ಟಣಗಳಲ್ಲಿ ಮನೆ ಮನೆಗೆ ಹೋಗಿ ವಾಸದ ಕೋಣೆಗಳನ್ನು ಎಣಿಸಿದ್ದರು. ಒಂದು ಕೋಣೆಗೆ ಒಬ್ಬರು ಎಂಬ ಲೆಕ್ಕ. ಬಾಂಬು ಬೀಳಬಹುದಾದ ನಗರಗಳ ಮಕ್ಕಳನ್ನು ಎಲ್ಲಿ ಇಡಬಹುದು, ಯಾವ ಮನೆಯವರು ಒಪ್ಪುತ್ತಾರೆ ಎಂದು ಬರೆದುಕೊಂಡಿದ್ದರು. ಸೆಪ್ಟೆಂಬರ್ 1ರಂದು ಸಾಗಾಟ ಶುರುವಾಗಿ ಮೂರೇ ದಿನಗಳಲ್ಲಿ ಸುಮಾರು 15 ಲಕ್ಷ ಜನ ನಗರ ಬಿಟ್ಟರು. ಅಷ್ಟು ಮುಂದಾಲೋಚನೆಯ ಎಣಿಕೆ ಒಂದು ಕಡೆ ಸೋತಿತು. ಕೋಣೆಗಳ ಲೆಕ್ಕ ಇತ್ತು, ಯಾವ ಮಗು ಯಾವ ಮನೆಗೆ ಹೊಂದುತ್ತದೆ ಎಂಬುದರ ಲೆಕ್ಕ ಇರಲಿಲ್ಲ. ಎಷ್ಟೋ ಊರುಗಳಲ್ಲಿ ಕೊರಳಿಗೆ ಹೆಸರಿನ ಚೀಟಿ ಕಟ್ಟಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು, ಮನೆಯವರು ಬಂದು ಸಂತೆಯಲ್ಲಿ ಹೋರಿ ಆರಿಸಿದ ಹಾಗೆ ಆರಿಸಿಕೊಂಡು ಹೋದರು. ಕೊನೆಯವರೆಗೂ ಉಳಿದ ಮಗುವಿನ ಪಾಡನ್ನು ಊಹಿಸಿದರೆ ಗಂಟಲು ಕಟ್ಟುತ್ತದೆ. 1940ರ ಜನವರಿ ಹೊತ್ತಿಗೆ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮನೆಗೆ ಮರಳಿದ್ದರು. ಅಂದುಕೊಂಡ ಬಾಂಬು ಆಗ ಬೀಳದಿದ್ದದ್ದು ಅದಕ್ಕೆ ದೊಡ್ಡ ಕಾರಣ. ಹೊಂದದ ಮನೆಗಳೂ ಒಂದು ಕಾರಣವಾಗಿದ್ದವು.

ಅದೇ 1939ರ ಸೆಪ್ಟೆಂಬರ್ 29ರಂದು ಇಡೀ ದೇಶದ ಜನರ ರಾಷ್ಟ್ರೀಯ ನೋಂದಣಿ ನಡೆಯಿತು. ಗುರುತಿನ ಚೀಟಿ, ರೇಷನ್ ಪುಸ್ತಕ ಎರಡೂ ಅದರ ಆಧಾರದ ಮೇಲೆ ಬಂದವು. 1931ರ ಜನಗಣತಿಯ ಕಾಗದಗಳು ಬೆಂಕಿಗೆ ಹೋದವು, 1941ರಲ್ಲಿ ಜನಗಣತಿ ನಡೆಯಲೇ ಇಲ್ಲ. ಹಾಗಾಗಿ ಆ ಕಾಲದ ಇಂಗ್ಲೆಂಡ್ ಮತ್ತು ವೇಲ್ಸ್ ಯಾರು ಯಾರಿಂದ ತುಂಬಿತ್ತು ಎಂದು ಹೇಳುವ ಪುಸ್ತಕ ಅದೊಂದೇ. ನನಗೆ ಅದರಲ್ಲಿ ಹಿಡಿಸಿದ ಸಂಗತಿ ಇದು: ಈಗ ಅದನ್ನು ಯಾರು ಬೇಕಾದರೂ ನೋಡಬಹುದು, ಆದರೆ ಹುಟ್ಟಿ ನೂರು ವರ್ಷ ಆಗದವರ, ಸತ್ತಿದ್ದಾರೆಂದು ಖಚಿತವಾಗದವರ ಸಾಲುಗಳನ್ನು ಮುಚ್ಚಿಯೇ ಇಟ್ಟಿದ್ದಾರೆ. ಎಂಬತ್ತು ವರ್ಷಕ್ಕೂ ಹಿಂದಿನ ಒಂದು ಸಾಲಿಗೂ ಈ ಕಾವಲು ಇದೆ.

ಇಂಥ ದೇಶವೇ ಅಫ್ಘಾನಿಸ್ತಾನದವರ ವಿಷಯದಲ್ಲಿ ಮಾಡಿದ್ದನ್ನು ನೋಡಿ. 2021ರಲ್ಲಿ ರಕ್ಷಣಾ ಸಚಿವಾಲಯ ಬ್ರಿಟಿಷ್ ಸೈನ್ಯಕ್ಕೆ ನೆರವಾಗಿ ತಾಲಿಬಾನಿಗೆ ಹೆದರಿ ಅಡಗಿದ್ದ ಜನರಿಗೆ ಒಂದೇ ಇಮೇಲ್ ಕಳಿಸಿ, ಪ್ರತಿಯೊಬ್ಬರ ವಿಳಾಸವೂ ಉಳಿದವರಿಗೆ ಕಾಣುವಂತೆ ಮಾಡಿತು. ಇಂಥ ತಪ್ಪು ಆ ತಿಂಗಳು ಮೂರು ಸಲ ಆಗಿ ಒಟ್ಟು 265 ಇಮೇಲ್ ವಿಳಾಸಗಳು ಹೊರಬಿದ್ದವು. ಅದಕ್ಕೆ 3,50,000 ಪೌಂಡ್ ದಂಡ ಬಿತ್ತು. 2022ರ ಫೆಬ್ರವರಿಯಲ್ಲಿ ಇನ್ನೂ ಘೋರವಾದದ್ದು ಆಯಿತು. ನೆಲೆ ಕೇಳಿ ಅರ್ಜಿ ಹಾಕಿದ್ದ ಸುಮಾರು 19,000 ಜನರ ವಿವರ ಇದ್ದ ಪಟ್ಟಿಯೊಂದು ಅಧಿಕಾರಿಯೊಬ್ಬರ ಕೈತಪ್ಪಿನಿಂದ ಹೊರಗೆ ಹೋಯಿತು. ಸರ್ಕಾರಕ್ಕೆ ಅದು ಗೊತ್ತಾದದ್ದು 2023ರ ಆಗಸ್ಟ್‌ನಲ್ಲಿ. ಸುದ್ದಿಯನ್ನು ಯಾರೂ ಪ್ರಕಟಿಸಬಾರದೆಂದು ನ್ಯಾಯಾಲಯದ ಆಜ್ಞೆ ಬಂತು, ಅದು ತೆರವಾದದ್ದು 2025ರ ಜುಲೈ 15ರಂದು. ಅಷ್ಟು ಕಾಲ ಪಟ್ಟಿಯಲ್ಲಿದ್ದ ಎಷ್ಟೋ ಜನರಿಗೆ ತಮ್ಮ ಹೆಸರು ಹೊರಬಿದ್ದಿದೆ ಎಂಬುದೇ ತಿಳಿದಿರಲಿಲ್ಲ. ಸುದ್ದಿ ಹಬ್ಬಿದರೆ ತಾಲಿಬಾನಿಗೂ ಗೊತ್ತಾಗುತ್ತದೆ ಎಂಬುದು ಸರ್ಕಾರದ ವಾದ, ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೂ ನನ್ನ ಮನಸ್ಸು ನಿಲ್ಲುವುದು ಅಡಗಿ ಕೂತವನ ಪಕ್ಕದಲ್ಲಿ. ಅವನ ಪ್ರಾಣದ ಸಂಗತಿ ಅವನೊಬ್ಬನಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು. ಆ ಸುದ್ದಿಯನ್ನು ನಮ್ಮ ಅತಿಥಿಯೂ ಓದಿದರು. ನನ್ನನ್ನು ಏನೂ ಕೇಳಲಿಲ್ಲ. ಮೂರು ವರ್ಷದ ಹಿಂದೆ ಕೇಳಿದ್ದ ಪ್ರಶ್ನೆ ಇಬ್ಬರಿಗೂ ನೆನಪಿತ್ತು.

ಈಗ ನಮ್ಮೂರಿಗೆ ಬರುತ್ತೇನೆ. 2009ರಲ್ಲಿ ನಮ್ಮವರು ಮನೆ ಬಿಟ್ಟದ್ದು ಹೊಳೆಗೆ ಹೆದರಿ, ಯುದ್ಧಕ್ಕಲ್ಲ. ಆದರೆ ಮನೆ ಬಿಟ್ಟವರಿಂದ ವಿವರ ಬರೆದುಕೊಳ್ಳುವ ರೀತಿ ಹೇಗಿರುತ್ತದೆ ಎಂಬುದನ್ನು ನಾನು ಕಂಡದ್ದು ಅಲ್ಲಿ. ಹುಬ್ಬಳ್ಳಿಯಿಂದ ರಜೆ ಹಾಕಿ ಹೋಗಿದ್ದೆ. ಚಾವಡಿ ಕಟ್ಟೆಯ ಮೇಲೆ ತಲಾಟಿಯವರು ಕೂತಿದ್ದರು, ಸುತ್ತ ನಲವತ್ತು ಐವತ್ತು ಜನ. ಒಬ್ಬೊಬ್ಬರ ಪಂಚನಾಮೆ ಬರೆದು ಗಟ್ಟಿಯಾಗಿ ಓದುತ್ತಿದ್ದರು. ದೊಡ್ಡಪ್ಪನ ಮನೆಯದು ಓದಿದರು: ಮಣ್ಣಿನ ಮಾಳಿಗೆ ಮನೆ, ಮೂರು ಅಂಕಣ ಪೂರ್ತಿ ಬಿದ್ದಿದೆ, ಎರಡು ಎಮ್ಮೆಗಳಲ್ಲಿ ಒಂದು ಸತ್ತಿದೆ. ಹಿಂದಿನಿಂದ ದೊಡ್ಡವ್ವ, “ಹಗೇವು ಬರೆಯಿರಿ ಸಾಹೇಬರೇ, ಹನ್ನೆರಡು ಚೀಲ ಜೋಳ ನೀರುಪಾಲಾಯಿತು” ಎಂದರು. ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಊರಿನಲ್ಲಿ ಇನ್ನೂ ಬಳಕೆಯಲ್ಲಿದ್ದ ನಾಲ್ಕಾರು ಹಗೇವುಗಳಲ್ಲಿ ಅವರದೂ ಒಂದು. ಆಗ ಪಕ್ಕದ ಮನೆಯ ಹುಡುಗ, “ದೊಡ್ಡವ್ವ, ಹನ್ನೆರಡು ಅಲ್ಲ, ಹತ್ತು. ತುಂಬುವ ದಿನ ಚೀಲ ಹೊತ್ತವನೇ ನಾನು” ಎಂದ. ದೊಡ್ಡವ್ವ ಒಂದು ಕ್ಷಣ ಬೆರಳು ಮಡಚಿ ಎಣಿಸಿ, “ಹೌದು, ಹತ್ತೇ. ಹತ್ತು ಬರೆಯಿರಿ” ಎಂದರು. ಯಾರೂ ಅವರನ್ನು ಸುಳ್ಳುಗಾರ್ತಿ ಎನ್ನಲಿಲ್ಲ. ಅಷ್ಟು ಕಳೆದುಕೊಂಡವರ ತಲೆಯಲ್ಲಿ ಎರಡು ಚೀಲ ಹೆಚ್ಚು ಕಡಿಮೆ ಆಗುವುದು ಸಹಜ ಎಂದು ಕೂತವರಿಗೆಲ್ಲ ಗೊತ್ತಿತ್ತು. ಫಾರಂನಲ್ಲಿ ಹಗೇವಿಗೆ ಕಾಲಂ ಇರಲಿಲ್ಲ. ತಲಾಟಿಯವರು ಅಂಚಿನಲ್ಲಿ ಬರೆದುಕೊಂಡರು, ಐದು ಜನ ಪಂಚರು ಸಹಿ ಮಾಡಿದರು.

ನನ್ನ ಬದುಕಿನಲ್ಲಿ ನಾನು ಕಂಡ ಅತ್ಯುತ್ತಮ ಮಾಹಿತಿ ಸಂಗ್ರಹ ಅದು. ಅಂಚಿನ ಬರಹ ಮೇಲಿನ ಕಚೇರಿಯ ಅಚ್ಚಿನ ಪಟ್ಟಿಗೆ ಹೋಗಲೇ ಇಲ್ಲ ಎಂಬುದು ಬೇರೆ ಮಾತು. ಮುಂದೆ ಹೊಸ ಊರಿನಲ್ಲಿ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆಂದು ‘ಆಸರೆ’ ಯೋಜನೆಯ ಮನೆಗಳು ಬಂದಾಗಲೂ ಯಾರ ಹೆಸರು ಸೇರಿತು, ಯಾರದು ಬಿಟ್ಟಿತು, ಏಕೆ ಎಂಬುದನ್ನು ನಮ್ಮೂರಿನ ಕಟ್ಟೆಯ ಮೇಲೆ ಯಾರೂ ಓದಿ ಹೇಳಲಿಲ್ಲ.

ಓದಿ ಹೇಳುವ ಈ ಪದ್ಧತಿ ಯುದ್ಧದಷ್ಟೇ ದೊಡ್ಡ ವಿಪತ್ತನ್ನು ಹೊತ್ತು ನಿಂತಿದ್ದೂ ಉಂಟು. ದೇಶ ವಿಭಜನೆಯಾದಾಗ ಪಶ್ಚಿಮ ಪಂಜಾಬ್ ಬಿಟ್ಟು ಬಂದ ಹಿಂದೂ, ಸಿಖ್ ರೈತರು ಅಲ್ಲಿ ಬಿಟ್ಟದ್ದು ಸುಮಾರು 27 ಲಕ್ಷ ಹೆಕ್ಟೇರ್, ಇಲ್ಲಿಂದ ಹೋದ ಮುಸ್ಲಿಮರು ಪೂರ್ವ ಪಂಜಾಬಿನಲ್ಲಿ ಬಿಟ್ಟದ್ದು ಸುಮಾರು 19 ಲಕ್ಷ ಹೆಕ್ಟೇರ್. ಹಂಚುವ ಹೊಣೆ ಹೊತ್ತವರು ಪುನರ್ವಸತಿಯ ಮಹಾನಿರ್ದೇಶಕರಾಗಿದ್ದ ಸರ್ದಾರ್ ತರ್ಲೋಕ್ ಸಿಂಗ್. 1948ರ ಮಾರ್ಚ್ ತಿಂಗಳಲ್ಲಿ ಅರ್ಜಿ ಕರೆದ ಮೇಲೆ ಒಂದೇ ತಿಂಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಹಕ್ಕಿನ ಅರ್ಜಿಗಳು ಬಂದವು. ಓಡಿ ಬಂದವರ ಹತ್ತಿರ ಹೊಲದ ಉತಾರ, ಅಂದರೆ ಪಹಣಿ, ಎಲ್ಲಿಂದ ಬರಬೇಕು? ಹಾಗಾಗಿ ಒಂದೇ ಊರಿನಿಂದ ಬಂದವರನ್ನು ಒಟ್ಟು ಸೇರಿಸಿ, ಒಬ್ಬೊಬ್ಬರ ಅರ್ಜಿಯನ್ನು ಅಧಿಕಾರಿ ಓದುತ್ತಿದ್ದರು. ಕೂತವರು ಹೌದೆಂದರೆ ಹೌದು, ಅಲ್ಲವೆಂದರೆ ತಿದ್ದುಪಡಿ. ಅತ್ತ ಕಡೆಯ ಕಂದಾಯ ದಾಖಲೆಗಳು ಆಮೇಲೆ ಬಂದವು. ಸುಳ್ಳು ಹೇಳಿದವರಿಗೆ ಜಮೀನಿನಲ್ಲಿ ಕಡಿತವಾಗುತ್ತಿತ್ತು, ತೀರ ಹೆಚ್ಚಾದರೆ ಜೈಲು. ಬೆಳೆ ಬರುವ ಶಕ್ತಿಯನ್ನು ನೋಡಿ ‘ಸ್ಟ್ಯಾಂಡರ್ಡ್ ಎಕರೆ’ ಎಂಬ ಹೊಸ ಅಳತೆ ಮಾಡಿಕೊಂಡರು. ಹತ್ತು ಎಕರೆಯ ಒಳಗಿನವರಿಗೆ ಕಾಲುಭಾಗ ಕಡಿತ, ಐನೂರು ಎಕರೆ ಮೀರಿದವರಿಗೆ ಶೇಕಡಾ 95. ನೀರಾವರಿ ಹೊಲಕ್ಕೂ ಮಳೆ ನಂಬಿದ ಹೊಲಕ್ಕೂ ಒಂದೇ ಎಕರೆ ಲೆಕ್ಕ ಹಾಕಿದರೆ ಅನ್ಯಾಯ ಎಂದು ನಮ್ಮ ಗದಗಿನ ಎರೆಮಣ್ಣಿನ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಓದಿದ್ದು ಹೊಲದ ವಿವರ, ಕೇಳಿಸಿಕೊಂಡವರು ಆ ಹೊಲದ ಬದುವಿನ ಮೇಲೆ ನಡೆದವರು. ಅಫ್ಘಾನಿಸ್ತಾನದವನ ಹೆಸರನ್ನು ಹಾಗೆ ಕಟ್ಟೆಯ ಮೇಲೆ ಓದಿದರೆ ಕೊಲೆಗೆ ಕರೆದಂತೆ. ಮನೆ, ಹೊಲ, ಪರಿಹಾರದ ಲೆಕ್ಕವನ್ನು ಬಯಲಲ್ಲಿ ಓದಬೇಕು. ಗುರುತು, ದಾರಿ, ಹಿಂದೆ ಉಳಿದವರ ಠಿಕಾಣಿಯನ್ನು ಬೀಗ ಹಾಕಿ ಇಡಬೇಕು, ಅದನ್ನೂ ಕೊಟ್ಟವರಿಗೆ ಮಾತ್ರ ಓದಿ ಹೇಳಬೇಕು. ನಮ್ಮ ಕಡೆ ಇವೆರಡೂ ಅದಲುಬದಲಾಗಿವೆ ಎಂಬುದೇ ನನ್ನ ಅಳಲು. ಬಯಲಲ್ಲಿ ಓದಬೇಕಾದದ್ದಕ್ಕೆ ಬೀಗ ಬಿದ್ದದ್ದನ್ನು ಮೇಲೆ ಹೇಳಿದೆ. ಬೀಗದೊಳಗೆ ಇರಬೇಕಾದದ್ದು ಬಯಲಿಗೆ ಬಿದ್ದದ್ದನ್ನು 2022ರ ಮಾರ್ಚ್‌ನಲ್ಲಿ ಕಂಡೆ.

ಹುಬ್ಬಳ್ಳಿಯ ನನ್ನ ಅಕ್ಕನ ಮಗಳು ಆಗ ಉಕ್ರೇನಿನಲ್ಲಿ ಮೂರನೆಯ ವರ್ಷದ ವೈದ್ಯಕೀಯ ಓದುತ್ತಿದ್ದಳು. ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆ ಚಳಗೇರಿಯ ವಿದ್ಯಾರ್ಥಿ ದಾಳಿಗೆ ಸಿಕ್ಕಿ ತೀರಿಕೊಂಡ ಸುದ್ದಿ ಬಂದ ರಾತ್ರಿ ನಮ್ಮ ಅಕ್ಕ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಅದೇ ರಾತ್ರಿ ನನ್ನ ಮೊಬೈಲ್‌ಗೆ ಒಂದು ಪಟ್ಟಿ ಬಂತು. ಮೊದಲು ಧಾರವಾಡದ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ, ಆಮೇಲೆ ಊರಿನ ಗುಂಪಿನಲ್ಲಿ, ಬೆಳಗಾಗುವಷ್ಟರಲ್ಲಿ ಇಲ್ಲಿಯ ಕನ್ನಡಿಗರ ಗುಂಪಿನಲ್ಲಿ. ಸಿಕ್ಕಿಕೊಂಡ ಮಕ್ಕಳ ಹೆಸರು, ತಂದೆಯ ಹೆಸರು, ಮೊಬೈಲ್ ನಂಬರ್, ಪಾಸ್‌ಪೋರ್ಟ್ ನಂಬರ್, ಯಾವ ನೆಲಮಾಳಿಗೆಯಲ್ಲಿ ಎಷ್ಟು ಜನ. ನಮ್ಮ ಹುಡುಗಿಯ ಹೆಸರೂ ಇತ್ತು. ಅದನ್ನು ಯಾರು ಹೊರಗೆ ಬಿಟ್ಟರೋ ತಿಳಿಯದು, ಒಳ್ಳೆಯದಾಗಲಿ ಎಂದೇ ಕಳಿಸಿರುತ್ತಾರೆ. ಮರುದಿನ ಅಕ್ಕನಿಗೆ ಒಂದು ಕರೆ ಬಂತು: ಮಗಳನ್ನು ಗಡಿ ದಾಟಿಸುತ್ತೇವೆ, ಮೊದಲು ಹಣ ಹಾಕಿ. ಮಗಳ ಹೆಸರು, ತಂದೆಯ ಹೆಸರು, ಪಾಸ್‌ಪೋರ್ಟ್ ನಂಬರ್ ಎಲ್ಲವನ್ನೂ ಸರಿಯಾಗಿ ಹೇಳಿದರಂತೆ. ಭಾವ ಮನೆಯಲ್ಲಿ ಇಲ್ಲದಿದ್ದರೆ ಅಕ್ಕ ಬಳೆ ಅಡವಿಟ್ಟಾದರೂ ಹಾಕಿಬಿಡುತ್ತಿದ್ದರು.

ಆಪರೇಷನ್ ಗಂಗಾದ ವಿಮಾನದಲ್ಲಿ ಹುಡುಗಿ ಬಂದಳು. ಸರ್ಕಾರ ಆ ದಿನಗಳಲ್ಲಿ 22,500ರಷ್ಟು ಭಾರತೀಯರನ್ನು ಕರೆತಂದಿತು. ನಿದ್ದೆಗೆಟ್ಟು ಆ ಕೆಲಸ ಮಾಡಿದವರಿಗೆ ನಮ್ಮ ಕುಟುಂಬ ಋಣಿಯಾಗಿದೆ. ನನ್ನ ದೂರು ಆಮೇಲಿನದು. ಅವಳ ವಿವರ ಬರೆದುಕೊಂಡ ಪಟ್ಟಿ ಅವಳು ಮನೆ ತಲುಪಿದಳು ಎಂಬಲ್ಲಿಗೆ ಮುಗಿಯಿತು. ಯಾವ ವರ್ಷದಲ್ಲಿದ್ದೆ, ಯಾವ ಪರೀಕ್ಷೆ ಮುಗಿಸಿದ್ದೆ, ಅಂಕಪಟ್ಟಿ ನಿನ್ನ ಹತ್ತಿರ ಇದೆಯೇ, ಸಾಲ ಎಷ್ಟಿದೆ ಎಂದು ಅವಳನ್ನು ಯಾರೂ ಕೇಳಲಿಲ್ಲ. ಮನೆಗೆ ಮರಳಿದವರಿಗೂ ನೆಲೆ ಬೇಕಾಗುತ್ತದೆ. 2022ರ ಜೂನ್ 30ರ ಒಳಗೆ ಓದು ಮುಗಿಸಿದ ಕೊನೆಯ ವರ್ಷದವರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಪರೀಕ್ಷೆ ಬರೆಯಲು ದಾರಿ ಮಾಡಿತು, ಸೆಪ್ಟೆಂಬರ್‌ನಲ್ಲಿ ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಹೋಗಿ ಓದು ಮುಂದುವರಿಸಲು ಒಪ್ಪಿತು. ನಡುವಿನ ವರ್ಷದವರು ಆರು ತಿಂಗಳು ಆಕಾಶ ನೋಡುತ್ತ ಕೂತರು. ಅವಳು ಒಂದು ದಿನ ಫೋನಿನಲ್ಲಿ, “ಮಾಮಾ, ನನ್ನ ಪಾಸ್‌ಪೋರ್ಟ್ ನಂಬರ್ ಇಡೀ ಊರಿಗೆ ಗೊತ್ತು, ನಾನು ಏನು ಓದಿದ್ದೇನೆ ಎಂಬುದು ಯಾರಿಗೂ ಗೊತ್ತಿಲ್ಲ” ಎಂದಳು.

ನಮಗೆ ಈ ಕೆಲಸದ ಅಭ್ಯಾಸವಿಲ್ಲ ಎನ್ನುವಂತಿಲ್ಲ. ಹುಬ್ಬಳ್ಳಿಗೆ ಹತ್ತಿರದ ಮುಂಡಗೋಡದಲ್ಲಿ 1966ರಿಂದ ಟಿಬೆಟಿನವರು ನೆಲೆ ನಿಂತಿದ್ದಾರೆ. ಅವರನ್ನು ನೋಡುತ್ತಲೇ ನಾವು ಬೆಳೆದೆವು. ಉಕ್ರೇನ್ ಆದ ಮರುವರ್ಷವೇ, 2023ರ ಏಪ್ರಿಲ್‌ನಲ್ಲಿ, ಕರ್ನಾಟಕದ ಹಕ್ಕಿಪಿಕ್ಕಿ ಜನ ಸುಡಾನಿನ ಯುದ್ಧದಲ್ಲಿ ಸಿಕ್ಕಿಕೊಂಡರು. ಅಲ್ಲಿಂದ ಭಾರತೀಯರನ್ನು ಕರೆತರಲು ಆಪರೇಷನ್ ಕಾವೇರಿ ನಡೆಯಿತು. ಇನ್ನೊಮ್ಮೆ ಆಗುವುದಿಲ್ಲ ಎನ್ನಲು ಬರುವುದಿಲ್ಲ, ನಮ್ಮ ಜನ ದುಡಿಯಲು, ಓದಲು ಹೋಗದ ದೇಶವೇ ಇಲ್ಲ.

ಭಾರತದ 2023ರ ಮಾಹಿತಿ ರಕ್ಷಣಾ ಕಾನೂನು ವಿಪತ್ತಿನ ಹೊತ್ತಿನಲ್ಲಿ ಜನರ ಒಪ್ಪಿಗೆ ಕೇಳದೆಯೇ ಅವರ ವಿವರವನ್ನು ಬಳಸಲು ಅವಕಾಶ ಕೊಡುತ್ತದೆ. ಅದು ಸರಿಯಾದದ್ದು. ನೆಲಮಾಳಿಗೆಯಲ್ಲಿ ಕೂತವಳ ಮುಂದೆ ಒಪ್ಪಿಗೆ ಪತ್ರ ಹಿಡಿಯಲು ಆಗುವುದಿಲ್ಲ. ಆದರೆ ಅವಳು ಬಂದು ಒಂದು ವಾರ ಮಲಗಿ ಎದ್ದ ಮೇಲೆ, ಅವಳ ತಾಲೂಕಿನ ಒಬ್ಬ ಅಧಿಕಾರಿ ಮನೆಗೆ ಹೋಗಿ ಕುಳಿತು, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಬೇಕು. ತಪ್ಪಿದ್ದರೆ ತಿದ್ದಬೇಕು. ಪಟ್ಟಿ ಯಾರ ಯಾರ ಕೈಗೆ ಹೋಗಿದೆ ಎಂದು ತಿಳಿಸಬೇಕು. ಅಂಚಿನಲ್ಲಿ ಬರೆಯಲು ಜಾಗ ಇರಬೇಕು, ಆ ಅಂಚು ಮೇಲಿನ ಕಚೇರಿಯವರೆಗೂ ಹೋಗಬೇಕು. ಪಂಚನಾಮೆ ಓದಿ ಅಭ್ಯಾಸವಿರುವ ನಮ್ಮ ತಲಾಟಿಯವರಿಗೆ ಇದು ಹೊರೆಯಾಗಲಾರದು. ಇಲ್ಲಿಯ ಕೌನ್ಸಿಲ್‌ನವರಿಗೂ ಇದೇ ಮಾತನ್ನು ಕಳೆದ ವರ್ಷ ಬರೆದು ಕೊಟ್ಟಿದ್ದೇನೆ, ಹಗೇವಿನ ಕಥೆಯ ಸಮೇತ.

ನಮ್ಮ ಅತಿಥಿ ಈಗ ಹತ್ತಿರದಲ್ಲೇ ಬೇರೆ ಮನೆ ಮಾಡಿದ್ದಾರೆ. ವೀಸಾ ಇನ್ನೂ 18 ತಿಂಗಳು ಮುಂದುವರಿಸಲು 2025ರಲ್ಲಿ ಮತ್ತೆ ಅರ್ಜಿ ತುಂಬಿದರು. ಈ ಬರಹವನ್ನು ಕಳಿಸುವ ಮೊದಲು ಅವರ ಬಗ್ಗೆ ಬರೆದ ಭಾಗಗಳನ್ನು ಇಂಗ್ಲಿಷಿನಲ್ಲಿ ಹೇಳಿ ಕೇಳಿಸಿದೆ. ಊರಿನ ಹೆಸರು ತೆಗೆಯಿರಿ, ಮಗನ ಹೆಸರು ತೆಗೆಯಿರಿ ಎಂದರು. ತೆಗೆದಿದ್ದೇನೆ. ಶಾಲೆಯ ಸಂಗತಿ ಇರಲಿ, ಅದನ್ನು ನಾಲ್ಕು ಜನ ಓದಬೇಕು ಎಂದರು. ಉಳಿಸಿದ್ದೇನೆ.